ಕಸುಬೂ ಕೀಲಿಕೈಯೂ

ಇಳಕಲ್ಲಿನ ಸೀರೆಯನ್ನು ಕೊಳ್ಳಬಂದ ಅನುಭವಸ್ಥ ಗೃಹಿಣಿ ಅದರ ಬಣ್ಣಕ್ಕೆ ಮರುಳಾಗಿ ಒಡನೆಯೇ ಹಣ ಎಣಿಸುವುದಿಲ್ಲ. ಅಂಚನ್ನು ಮಡಿಚಿ, ಸೆರಗನ್ನು ಹೊರಳಿಸಿ, ಒಳಮುಖವನ್ನು ಬೆಳಕಿಗೆ ಹಿಡಿಯುತ್ತಾಳೆ. ಒಡಲಿನ ಹಾಸೂ ಸೆರಗಿನ ಹಾಸೂ ಒಂದರೊಳಗೊಂದು ಕೊಂಡಿಯಾಗಿ ಸೇರಿದ ಸ್ಥಳದಲ್ಲಿ ಬೆರಳಾಡಿಸಿ ನೋಡುತ್ತಾಳೆ. ಹೊರಮುಖ ಎಷ್ಟೇ ಚೆಲುವಾಗಿರಲಿ, ನೇಕಾರನ ಪ್ರಾಮಾಣಿಕತೆ ತಿಳಿಯುವುದು ಹಿಂಬದಿಯಲ್ಲಿ ಎಂಬುದು ಅವಳಿಗೆ ತಾಯಿಯಿಂದ ಬಂದ ತಿಳಿವಳಿಕೆ.

ಇಂದು ಅಂಗಡಿಗಳು ಅಂತರ್ಜಾಲದಲ್ಲಿಯೂ ಬಾಗಿಲು ತೆರೆದಿವೆ. ಗೃಹಿಣಿ ಕುಳಿತಲ್ಲಿಯೇ ಚಿತ್ರ ನೋಡಿ, ಹೆಸರು ವಿಳಾಸ ಬರೆದು, ಹಣವನ್ನೂ ಕಳುಹಿಸಿ ನಿಶ್ಚಿಂತಳಾಗುತ್ತಾಳೆ. ಸೀರೆಯನ್ನು ಹೊರಳಿಸಿ ನೋಡುವ ಆಕೆಗೆ ಆ ಪುಟವನ್ನು ಹೊರಳಿಸಿ ನೋಡುವ ಅಭ್ಯಾಸವಿನ್ನೂ ಬಂದಿಲ್ಲ. ಆದರೆ ಪುಟಕ್ಕೂ ಒಂದು ಹಿಂಬದಿಯುಂಟು. ಅಲ್ಲಿ ಯಾರೋ ಕುಳಿತು ಸಾಲುಸಾಲಾಗಿ ಬರೆದ ಆಜ್ಞೆಗಳುಂಟು. ಈ ಮೂಲಬರಹವನ್ನು ಬಲ್ಲವರು ಸೋರ್ಸ್ ಕೋಡ್ ಎನ್ನುತ್ತಾರೆ. ಅದನ್ನು ಪರೀಕ್ಷಿಸುವುದು ಹೇಗೆ, ಯಾರಿಗೆ ತೋರಿಸಬೇಕು, ಎಷ್ಟನ್ನು ತೋರಿಸಬಾರದು ಎಂಬುದು ಕೇವಲ ಇಂಜಿನಿಯರುಗಳ ಒಳಮಾತೆಂದು ತೋರಬಹುದು. ವಾಸ್ತವವಾಗಿ ಅದು, ಅಂಥ ಪುಟದಲ್ಲಿ ತನ್ನ ಮನೆಯ ವಿಳಾಸವನ್ನು ಬರೆದ ಪ್ರತಿಯೊಬ್ಬರಿಗೂ ಸಂಬಂಧಿಸಿದ ಮಾತು.

ವಾಚಕರು ಇಳಕಲ್ಲಿನ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ತಂದೆಗೆ ಒಂದು ಸಣ್ಣ ಸೀರೆಯಂಗಡಿ. ಅಜ್ಜ ತನ್ನ ಕಾಲದಲ್ಲಿ ಕುಣಿಮಗ್ಗದಲ್ಲಿ ಕುಳಿತು ನೆಯ್ದವನು. ಈಗ ಕಣ್ಣು ಮಂಜಾದರೂ ಬೆರಳಿನ ಅರಿವು ಮಾಸಿಲ್ಲ. ಮಗಳು ಹುನಗುಂದ, ಅಮೀನಗಡಗಳ ಮಾರ್ಗವಾಗಿ ಹೋಗುವ ಬಸ್ಸಿನಲ್ಲಿ ಬಾಗಲಕೋಟೆಗೆ ಹೋಗಿ ಇಂಜಿನಿಯರಿಂಗ್ ಓದುತ್ತಾಳೆ. ಶ್ರಾವಣ ಹತ್ತಿರವಾಗಿದೆ, ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವ ಕಾಲ, ಸೀರೆಯ ವ್ಯಾಪಾರಕ್ಕೆ ವರ್ಷದ ಭರವಸೆಯೆಲ್ಲ ಅದೊಂದೇ ತಿಂಗಳಲ್ಲಿ. ಅಷ್ಟರೊಳಗೆ ಅಂಗಡಿಗೊಂದು ಜಾಲಪುಟವನ್ನು ಮಾಡಿಕೊಡುವೆನೆಂದು ಮಗಳು ಮಾತು ಕೊಟ್ಟಿದ್ದಾಳೆ. ಅದಕ್ಕೆ ಆಕೆ ಆರಿಸಿಕೊಂಡ ಭಾಷೆ ಪಿಎಚ್‌ಪಿ.

ಈ ಭಾಷೆಯ ಹುಟ್ಟು ಸ್ವಾರಸ್ಯಕರವಾದುದು. ಗ್ರೀನ್‌ಲ್ಯಾಂಡಿನಲ್ಲಿ ೧೯೬೮ರಲ್ಲಿ ಜನಿಸಿದ ರಾಸ್ಮಸ್ ಲರ್ಡಾರ್ಫ್ ಎಂಬಾತ, ಜಾಲದಲ್ಲಿರಿಸಿದ್ದ ತನ್ನ ಪರಿಚಯಪತ್ರವನ್ನು ಯಾರು ಯಾರು ಬಂದು ನೋಡಿದರೆಂದು ತಿಳಿಯಲು ಕೆಲವು ಚಿಕ್ಕ ಸಾಧನಗಳನ್ನು ಬರೆದುಕೊಂಡ. ೧೯೯೫ರ ಜೂನ್ ತಿಂಗಳಲ್ಲಿ ಅವುಗಳ ಮೂಲಬರಹವನ್ನು ಎಲ್ಲರಿಗೂ ಬಿಟ್ಟುಕೊಟ್ಟ. ಮುಂದೆ ಇಸ್ರೇಲಿನ ಆಂಡಿ ಗುಟ್ಮನ್ಸ್ ಮತ್ತು ಜೀವ್ ಸುರಾಸ್ಕಿ ಎಂಬ ಇಬ್ಬರು ವಿದ್ಯಾರ್ಥಿಗಳು ಅದನ್ನು ಹೊಸದಾಗಿ ಕಟ್ಟಿದರು. ೧೯೯೮ರಲ್ಲಿ ಮೂರನೆಯ ಆವೃತ್ತಿ ಹೊರಬಂದಿತು. ಕನ್ನಡ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ಎಂಬ ತಂತ್ರಾಂಶವೂ ಇದೇ ಭಾಷೆಯಲ್ಲಿ ರಚಿತವಾದುದು.

ಇದರ ವಿಶೇಷವೆಂದರೆ ಮೂಲಬರಹ ಓದುಗರ ಮನೆಗೆ ಬರುವುದಿಲ್ಲ. ಅದು ದೂರದ ಸರ್ವರ್ ಯಂತ್ರದಲ್ಲಿಯೇ ಉಳಿದು, ಅಲ್ಲಿಯೇ ನಡೆದು, ಅದರ ಫಲವನ್ನಷ್ಟೇ ಪುಟವಾಗಿ ಕಳುಹಿಸುತ್ತದೆ. ಮನೆಯ ಗಣಕದಲ್ಲಿ ಪುಟದ ಮೂಲವನ್ನು ನೋಡುವ ಸೌಲಭ್ಯವಿದೆಯಾದರೂ ಅಲ್ಲಿ ಕಾಣುವುದು ನೆಯ್ದು ಮುಗಿದ ಬಟ್ಟೆ, ಮಗ್ಗವಲ್ಲ.

ಮಗಳು ಬರೆದಳು. ಪುಟವನ್ನು ಸರ್ವರಿಗೆ ಏರಿಸಿ, ತಂದೆಯನ್ನೂ ಅಜ್ಜನನ್ನೂ ಕರೆದು ಕೂರಿಸಿ ತೆರೆದಳು. ಸೀರೆಯ ಚಿತ್ರಗಳ ಬದಲು ಕಂಡದ್ದು ಒಂದೇ ಒಂದು ಇಂಗ್ಲಿಷ್ ಸಾಲು: ನಲವತ್ತೆರಡನೆಯ ಸಾಲಿನಲ್ಲಿ ವಾಕ್ಯರಚನೆಯ ದೋಷ.

“ಏನವಾ, ಅಂಗಡಿ ತಗಿಯೂಕಿಂತ ಮೊದ್ಲ ಗೋಡಿ ಬಿದ್ದಂಗಾತಲ್ಲ!” ಎಂದ ತಂದೆ.

ನಲವತ್ತೆರಡನೆಯ ಸಾಲನ್ನು ಮಗಳು ಹತ್ತು ಸಲ ಓದಿದಳು. ಅದರಲ್ಲಿ ತಪ್ಪೇ ಇರಲಿಲ್ಲ. ತಪ್ಪಿದ್ದುದು ಅದರ ಹಿಂದಿನ ಸಾಲಿನ ಕೊನೆಯಲ್ಲಿ. ಅಲ್ಲಿ ಇರಬೇಕಾಗಿದ್ದ ಒಂದು ಅರ್ಧವಿರಾಮಚಿಹ್ನೆ ಬಿಟ್ಟುಹೋಗಿತ್ತು. ವಾಕ್ಯ ಮುಗಿಯಿತೆಂಬ ಗುರುತು ಸಿಗದೆ ಯಂತ್ರ ಮುಂದಿನ ಸಾಲಿಗೂ ನಡೆದು, ಅಲ್ಲಿ ದಾರಿ ತಪ್ಪಿ, ತಾನು ನಿಂತ ಸ್ಥಳವನ್ನೇ ತಪ್ಪಿನ ಸ್ಥಳವೆಂದು ಹೇಳಿತ್ತು. ಅರಿವೆಯ ಮೇಲೆ ಗೆರೆ ಕಂಡ ಕಡೆಯಲ್ಲಿ ಎಳೆ ಹರಿದಿರುವುದಿಲ್ಲ, ಅದಕ್ಕೂ ಮೊದಲೇ ಹರಿದಿರುತ್ತದೆ ಎಂಬುದನ್ನು ಬಲ್ಲ ಅಜ್ಜನಿಗೆ ಇದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ.

“ಹಣಿಗಿಯೊಳಗ ಒಂದ ಎಳಿ ತಪ್ಪಿದ್ರ ಸಾಕವಾ,” ಎಂದ ಅವನು. “ನೆಯ್ಯೂ ಮೊದ್ಲ ನೋಡಿದ್ರ ಒಂದ ಗಂಟು. ನೆಯ್ದ ಮ್ಯಾಲ ನೋಡಿದ್ರ ಇಡೀ ಸೀರಿ.”

ಅಜ್ಜನ ಮಾತಿಗೂ ಗಣಕಶಾಸ್ತ್ರದ ಮಾತಿಗೂ ಇರುವ ನಂಟು ಆಕಸ್ಮಿಕವಾದರೂ ಮನೋಹರವಾಗಿದೆ. ಕ್ರಮವಿಧಿಯನ್ನು ನಡೆಸದೆಯೇ ಅದರಲ್ಲಿನ ದೋಷಗಳನ್ನು ಹುಡುಕುವ ಸಾಧನವೊಂದನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯ ಸ್ಟೀಫನ್ ಜಾನ್ಸನ್ ೧೯೭೮ರಲ್ಲಿ ಸಿ ಎಂಬ ಭಾಷೆಗಾಗಿ ರಚಿಸಿದ. ಅದಕ್ಕೆ ಆತ ಇಟ್ಟ ಹೆಸರು ಲಿಂಟ್. ಇಂಗ್ಲಿಷಿನಲ್ಲಿ ಆ ಪದಕ್ಕೆ ಬಟ್ಟೆಗೆ ಹತ್ತಿಕೊಂಡಿರುವ ನೂಲಿನ ಸಣ್ಣ ಚೂರು ಎಂದರ್ಥ. ನೆಯ್ಗೆಯ ಮನೆಯಿಂದ ಹೊರಟ ಆ ಮಾತು ಇಂದು ಇಂಥ ಪರೀಕ್ಷೆಗಳಿಗೆಲ್ಲ ಸಾಮಾನ್ಯನಾಮವಾಗಿದೆ. ಪಿಎಚ್‌ಪಿಯಲ್ಲಿಯೂ ಅದುಂಟು. ಭಾಷೆಯ ಹೆಸರನ್ನು ಬರೆದು, ಒಂದು ಅಡ್ಡಗೆರೆ, ಅದಕ್ಕೆ ತಗುಲಿದಂತೆ ಎಲ್ ಎಂಬ ಚಿಕ್ಕ ಅಕ್ಷರ, ಆಮೇಲೆ ಕಡತದ ಹೆಸರು: ಇಷ್ಟನ್ನು ಬರೆದರೆ ಯಂತ್ರ ಆ ಕಡತದ ಒಂದು ಆಜ್ಞೆಯನ್ನೂ ನಡೆಸದೆ, ಮೊದಲಿನಿಂದ ಕೊನೆಯವರೆಗೆ ವ್ಯಾಕರಣವನ್ನಷ್ಟೇ ಓದಿ, ದೋಷವಿದ್ದರೆ ಸಾಲಿನ ಸಂಖ್ಯೆಯನ್ನೂ ಇಲ್ಲವಾದರೆ ಇಲ್ಲವೆಂದೂ ತಿಳಿಸುತ್ತದೆ.

ಆ ದೋಷವರದಿಗಳಲ್ಲಿ ಒಮ್ಮೊಮ್ಮೆ ವಿನೋದವೂ ಇರುತ್ತದೆ. ಎರಡು ವಿವರಣಚಿಹ್ನೆಗಳನ್ನು ಅಕ್ಕಪಕ್ಕದಲ್ಲಿ ತಪ್ಪಾದ ಕಡೆ ಬಳಸಿದವರಿಗೆ ಈ ಯಂತ್ರ ಬಹುಕಾಲ ‘ಪಾಮಾಯಿಂ ನೆಕುದೋತಾಯಿಂ’ ಎಂದು ಗದರಿಸುತ್ತಿತ್ತು. ಜಗತ್ತಿನ ಎಷ್ಟೋ ತರುಣರು ಇದಾವ ಮಂತ್ರವೆಂದು ತಲೆ ಕೆರೆದುಕೊಂಡದ್ದುಂಟು. ಅದು ಹೀಬ್ರೂ ಭಾಷೆ. ಎರಡು ಸಲ ವಿವರಣಚಿಹ್ನೆ ಎಂದಷ್ಟೇ ಅದರ ಅರ್ಥ. ಇಸ್ರೇಲಿನ ತರುಣರಿಬ್ಬರು ತಮ್ಮ ನುಡಿಯನ್ನು ಯಂತ್ರದ ಬಾಯಲ್ಲಿ ಹಾಗೆ ಇರಿಸಿದ್ದರು. ಕನ್ನಡಿಗರೂ ನಿರಾಶರಾಗಬೇಕಾಗಿಲ್ಲ, ಈ ಭಾಷೆಯಲ್ಲಿ ಬೆಲೆಗಳನ್ನು ತುಂಬಿಡುವ ಚರಗಳಿಗೆ ‘ಸೀರೆ’, ‘ಸೆರಗು’ ಎಂದು ಕನ್ನಡದಲ್ಲಿಯೇ ಹೆಸರಿಡಬಹುದು.

ಓದಿ ಪರೀಕ್ಷಿಸುವುದು ಒಂದು, ನಡೆಸಿ ಪರೀಕ್ಷಿಸುವುದು ಇನ್ನೊಂದು. ಈ ಭೇದವನ್ನು ಮರೆತರೆ ಏನಾಗುವುದೆಂಬುದಕ್ಕೆ ಪಿಎಚ್‌ಪಿಯ ಚರಿತ್ರೆಯಲ್ಲಿಯೇ ನಿದರ್ಶನವುಂಟು. ೨೦೦೪ರಲ್ಲಿ ಹೊರಬಂದ ಐದನೆಯ ಆವೃತ್ತಿಯಲ್ಲಿ, ಕ್ರಮವಿಧಿಯ ಒಳಗಿನಿಂದಲೇ ಇನ್ನೊಂದು ಕಡತದ ವ್ಯಾಕರಣವನ್ನು ಪರೀಕ್ಷಿಸಲೆಂದು ‘ಪಿಎಚ್‌ಪಿ ಚೆಕ್ ಸಿಂಟ್ಯಾಕ್ಸ್’ ಎಂಬ ಆಜ್ಞೆಯನ್ನು ಸೇರಿಸಲಾಯಿತು. ಅದರಲ್ಲಿ ಒಂದು ತೊಡಕಿತ್ತು: ಪರೀಕ್ಷೆಗೆ ಒಪ್ಪಿಸಿದ ಕಡತವನ್ನು ಅದು ನಡೆಸಲೂ ತೊಡಗುತ್ತಿತ್ತು. ಬಟ್ಟಲಿನಲ್ಲಿರುವುದು ವಿಷವೋ ಅಲ್ಲವೋ ಎಂಬುದನ್ನು ಕುಡಿದು ತಿಳಿಯುವ ವಿಧಾನವಿದು. ೨೦೦೫ರಲ್ಲಿ ಅದನ್ನು ತೆಗೆದುಹಾಕಿ, ಹೊರಗಿನಿಂದ ಓದಿ ನೋಡುವ ಹಳೆಯ ವಿಧಾನವನ್ನೇ ಬಳಸಿರೆಂದು ಸೂಚಿಸಲಾಯಿತು.

ಮಗಳು ಅರ್ಧವಿರಾಮವನ್ನು ಸೇರಿಸಿದಳು. ಯಂತ್ರ ದೋಷವಿಲ್ಲವೆಂದಿತು. ಪುಟ ತೆರೆಯಿತು, ಚಿತ್ರಗಳು ಬಂದವು, ತಂದೆಯ ಮುಖ ಅರಳಿತು. ಆದರೆ ವ್ಯಾಕರಣ ಶುದ್ಧವಾದ ಮಾತೆಲ್ಲ ಸತ್ಯವಲ್ಲ. ಪಾರ್ಸಲಿನ ಚೀಟಿಯಲ್ಲಿ ಊರಿನ ಹೆಸರಿಗೆ ಹನ್ನೆರಡು ಅಕ್ಷರಗಳಷ್ಟು ಜಾಗವಿರಿಸಿ, ಹೆಚ್ಚಾದುದನ್ನು ಕತ್ತರಿಸುವಂತೆ ಆಕೆ ಬರೆದಿದ್ದಳು. ಇಂಗ್ಲಿಷಿನಲ್ಲಿ ಬರೆದು ನೋಡಿದಾಗ ಎಲ್ಲ ಊರುಗಳೂ ಸರಿಯಾಗಿ ಮೂಡಿದವು. ಕನ್ನಡದಲ್ಲಿ ಬರೆದಾಗ ಬಾದಾಮಿ ‘ಬಾದಾ’ ಆಯಿತು. ಹುನಗುಂದ ‘ಹುನಗ’ ಆಯಿತು. ಬಾಗಲಕೋಟೆಯ ಕೋಟೆ ಬಿದ್ದು ‘ಬಾಗಲ’ ಮಾತ್ರ ನಿಂತಿತು. ಇಳಕಲ್ಲು ಸಹ ತನ್ನ ಕೊನೆಯ ವಿರಾಮವನ್ನು ಕಳೆದುಕೊಂಡು ‘ಇಳಕಲ’ ಎಂದಾಯಿತು.

ಕಾರಣ ಸರಳ. ಬಾದಾಮಿ ಎಂಬುದರಲ್ಲಿ ಕನ್ನಡದ ಕಣ್ಣಿಗೆ ೩ ಅಕ್ಷರಗಳು. ಗಣಕದ ಯೂನಿಕೋಡ್ ಲೆಕ್ಕದಲ್ಲಿ ಬಕಾರ, ಅದರ ದೀರ್ಘ, ದಕಾರ, ಅದರ ದೀರ್ಘ, ಮಕಾರ, ಅದರ ಗುಡಿಸು ಎಂದು ೬ ಸಂಕೇತಗಳು. ಒಂದೊಂದು ಸಂಕೇತವನ್ನೂ ಸಂಗ್ರಹಿಸಲು ೩ ಬೈಟುಗಳಂತೆ ಒಟ್ಟು ೧೮. ಪಿಎಚ್‌ಪಿಯ ಹಳೆಯ ಅಳತೆಯ ಆಜ್ಞೆ ಎಣಿಸುವುದು ಬೈಟುಗಳನ್ನು, ಅಕ್ಷರಗಳನ್ನಲ್ಲ. ಅಕ್ಷರವನ್ನೇ ಎಣಿಸುವ ಬೇರೆ ಆಜ್ಞೆಗಳು ಇವೆ. ಅವುಗಳನ್ನು ಬಳಸಬೇಕೆಂದು ಬರೆಯುವವರಿಗೆ ತಿಳಿದಿರಬೇಕು. ಇಲ್ಲಿ ಲಿಂಟ್ ಪರೀಕ್ಷೆ ಮೂಕವಾಗಿಯೇ ಇರುತ್ತದೆ, ಏಕೆಂದರೆ ವಾಕ್ಯದಲ್ಲಿ ದೋಷವಿಲ್ಲ. ದೋಷವಿರುವುದು ಬರೆದವರ ಊಹೆಯಲ್ಲಿ. ಅದನ್ನು ಹಿಡಿಯಲು ಇನ್ನೊಬ್ಬರ ಕಣ್ಣು ಬೇಕು. ಮೂಲಬರಹವನ್ನು ಇತರರಿಗೆ ತೋರಿಸುವ ಪ್ರಶ್ನೆ ಹುಟ್ಟುವುದೇ ಇಲ್ಲಿ.

ಹಾಗೆ ತೋರಿಸಲು ಪಿಎಚ್‌ಪಿ ಒಂದು ಸೊಗಸಾದ ಉಪಾಯವನ್ನು ಇರಿಸಿಕೊಂಡಿದೆ. ‘ಹೈಲೈಟ್ ಫೈಲ್’ ಎಂಬ ಆಜ್ಞೆಗೆ ಕಡತದ ಹೆಸರನ್ನು ಕೊಟ್ಟರೆ ಅದು ಮೂಲಬರಹವನ್ನು ನಡೆಸುವುದಿಲ್ಲ, ಬಣ್ಣ ಹಚ್ಚಿ ಪುಟದ ಮೇಲೆ ಹರಡುತ್ತದೆ. ‘ಶೋ ಸೋರ್ಸ್’ ಎಂಬುದು ಅದರ ಇನ್ನೊಂದು ಹೆಸರು. ಭಾಷೆಯ ಸ್ವಂತ ಪದಗಳು ಹಸಿರು. ಬರೆದವರು ಇಟ್ಟ ಹೆಸರುಗಳು ನೀಲಿ. ಓದುವವರಿಗಾಗಿ ಬರೆದಿಟ್ಟ ಟಿಪ್ಪಣಿಗಳು ಕಿತ್ತಳೆ. ಉದ್ಧರಣಚಿಹ್ನೆಗಳ ನಡುವೆ ಇರುವ ಅಕ್ಷರಮಾಲೆಗಳೆಲ್ಲ ಕೆಂಪು. ಮುಚ್ಚದೆ ಬಿಟ್ಟ ಒಂದು ಉದ್ಧರಣಚಿಹ್ನೆಯಿದ್ದರೆ ಅಲ್ಲಿಂದ ಮುಂದಿನದೆಲ್ಲ ಇಳಕಲ್ಲಿನ ಸೆರಗಿನಂತೆ ಕೆಂಪಾಗಿಬಿಡುತ್ತದೆ. ತಪ್ಪು ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ಮಗಳಿಗೆ ಇದು ಬಹಳ ಹಿಡಿಸಿತು. ತನ್ನ ಬರಹವನ್ನು ಸಹಪಾಠಿಗಳಿಗೆ ತೋರಿಸಲೆಂದು ಒಂದು ಪುಟವನ್ನೇ ಮಾಡಿದಳು. ಯಾವ ಕಡತ ಬೇಕೋ ಅದರ ಹೆಸರನ್ನು ವಿಳಾಸದ ಕೊನೆಯಲ್ಲಿ ಬರೆದರೆ ಸಾಕು, ಅದು ಬಣ್ಣಬಣ್ಣವಾಗಿ ತೆರೆದುಕೊಳ್ಳುತ್ತಿತ್ತು. ಗೆಳತಿಯೊಬ್ಬಳು ಕುತೂಹಲದಿಂದ ಆಕೆ ಹೇಳದಿದ್ದ ಒಂದು ಹೆಸರನ್ನು ಬರೆದು ನೋಡಿದಳು. ಅದೂ ತೆರೆಯಿತು. ಗ್ರಾಹಕರ ಹೆಸರು, ವಿಳಾಸ, ಫೋನ್ ಸಂಖ್ಯೆಗಳಿದ್ದ ದಫ್ತರದ ಪಾಸ್‌ವರ್ಡು ಅದರಲ್ಲಿತ್ತು. ಪಾಸ್‌ವರ್ಡೂ ಒಂದು ಅಕ್ಷರಮಾಲೆಯೇ ಆದುದರಿಂದ ಯಂತ್ರ ತನ್ನ ನಿಯಮದಂತೆ ಅದನ್ನೂ ಕೆಂಪುಬಣ್ಣದಲ್ಲಿ ಎತ್ತಿ ತೋರಿಸಿತ್ತು.

ಸಂಜೆ ಮಗಳು ಅಳುಮುಖ ಮಾಡಿಕೊಂಡು ಹೇಳಿದಾಗ ತಂದೆಗೆ ಉಳಿದುದೇನೂ ತಿಳಿಯದಿದ್ದರೂ ಇದೊಂದು ಚೆನ್ನಾಗಿ ತಿಳಿಯಿತು. “ಅಂಗಡಿಗೆ ಕೀಲಿ ಹಾಕಿ, ಕೀಲಿಕೈ ಬಾಗಲದಾಗ ತೂಗಹಾಕಿ ಬಂದಂಗ ಆತಲ್ಲವಾ ಇದು! ನಮ್ಮನ್ನ ನಂಬಿ ಮನಿ ಪತ್ತೆ ಕೊಟ್ಟ ಹೆಣ್ಣಮಕ್ಕಳಿಗೆ ಏನಂತ ಹೇಳೂದು?”

ಇದು ಕೇವಲ ಎಳೆಯರ ಎಡವಟ್ಟಲ್ಲ. ೨೦೦೭ರ ಆಗಸ್ಟ್ ತಿಂಗಳಲ್ಲಿ ಫೇಸ್‌ಬುಕ್ಕಿನ ಮುಖಪುಟದ ಪಿಎಚ್‌ಪಿ ಮೂಲಬರಹವೇ ಕೆಲವರ ಪರದೆಯ ಮೇಲೆ ಕಾಣಿಸಿಕೊಂಡಿತು. ಒಂದು ಸರ್ವರಿನ ಏರ್ಪಾಟು ಸರಿಯಿಲ್ಲದೆ ಅದು ಬರಹವನ್ನು ನಡೆಸುವ ಬದಲು ಹಾಗೆಯೇ ಕಳುಹಿಸಿಬಿಟ್ಟಿತ್ತು. ೨೦೧೨ರಲ್ಲಿ ಇನ್ನೂ ಸೋಜಿಗದ ಸಂಗತಿ ಬಯಲಾಯಿತು. ಮೂಲಬರಹವನ್ನು ಬಣ್ಣಗಳಲ್ಲಿ ತೋರಿಸೆಂದು ಪಿಎಚ್‌ಪಿಗೆ ಹೇಳುವ ಸಂಜ್ಞೆ ಒಂದು ಅಡ್ಡಗೆರೆ ಮತ್ತು ಎಸ್ ಅಕ್ಷರ. ಆ ಸಂಜ್ಞೆಯನ್ನು ಜಾಲಪುಟದ ವಿಳಾಸದ ಕೊನೆಗೆ, ಪ್ರಶ್ನಚಿಹ್ನೆಯ ಮುಂದೆ, ಯಾವ ದಾರಿಹೋಕ ಬರೆದರೂ ಸಿಜಿಐ ಎಂಬ ವಿಧಾನದಲ್ಲಿ ನಡೆಯುವ ಸರ್ವರುಗಳು ತಮ್ಮ ಯಜಮಾನನೇ ಹೇಳಿದನೆಂದು ಭಾವಿಸಿ ಮೂಲಬರಹವನ್ನು ಬಿಚ್ಚಿಡುತ್ತಿದ್ದವು. ಬೇರೊಂದು ಸಂಜ್ಞೆಯಿಂದ ಪರರ ಆಜ್ಞೆಗಳನ್ನೇ ಅಲ್ಲಿ ನಡೆಸುವುದೂ ಸಾಧ್ಯವಿತ್ತು. ೨೦೦೪ರಿಂದ ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ಆ ರಂಧ್ರವನ್ನು ಒಂದು ಸ್ಪರ್ಧೆಯಲ್ಲಿ ತೊಡಗಿದ್ದ ತರುಣರ ತಂಡ ಕಂಡುಹಿಡಿಯಿತು, ಅದನ್ನು ಮುಚ್ಚಲಾಯಿತು.

ಮುಚ್ಚಿತೆಂದರೆ ಮುಗಿಯಿತೆಂದಲ್ಲ. ೨೦೨೪ರ ಜೂನ್ ತಿಂಗಳಲ್ಲಿ ಅದೇ ರಂಧ್ರ ಮತ್ತೆ ಬಾಯ್ದೆರೆಯಿತು. ಅಡ್ಡಗೆರೆಯನ್ನು ತಡೆಯಲು ಕಾವಲಿದ್ದುದು ನಿಜ. ಆದರೆ ಅದನ್ನೇ ಹೋಲುವ, ಸಂಕೇತದಲ್ಲಿ ಬೇರೆಯಾದ ಇನ್ನೊಂದು ಅಡ್ಡಗೆರೆಯನ್ನು ಕಳುಹಿಸಿದರೆ ವಿಂಡೋಸ್ ವ್ಯವಸ್ಥೆ ಕೆಲವು ಭಾಷೆಗಳ ಏರ್ಪಾಟಿನಲ್ಲಿ ಅದನ್ನು ಸಾಮಾನ್ಯ ಅಡ್ಡಗೆರೆಯನ್ನಾಗಿ ಮಾರ್ಪಡಿಸಿ ಒಳಗೆ ಬಿಡುತ್ತಿತ್ತು. ವಕಾರವನ್ನು ಮಕಾರವೆಂದೋದಿ ಅರ್ಥ ಕೆಡಿಸಿದ ಲಿಪಿಕಾರರನ್ನು ಹಳಗನ್ನಡ ಗ್ರಂಥಗಳ ಸಂಪಾದಕರು ಚೆನ್ನಾಗಿ ಬಲ್ಲರು. ಯಂತ್ರವೂ ಒಬ್ಬ ಲಿಪಿಕಾರನೇ.

ಇಷ್ಟನ್ನು ಕೇಳಿದವರಿಗೆ ಮೂಲಬರಹವನ್ನು ಯಾರಿಗೂ ತೋರಿಸದೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದೇ ಕ್ಷೇಮವೆಂದು ತೋರಬಹುದು. ಆದರೆ ಪಿಎಚ್‌ಪಿಯ ಅನುಭವವೇ ಇದಕ್ಕೆ ಉತ್ತರ ಹೇಳುತ್ತದೆ. ಆ ಭಾಷೆಯ ಮೂಲಬರಹ ಜಗತ್ತಿಗೆಲ್ಲ ತೆರೆದಿದೆ. ೨೦೨೧ರ ಮಾರ್ಚ್ ೨೮ರಂದು ಯಾರೋ ದುರುಳರು ಅದರೊಳಗೆ ಎರಡು ತಿದ್ದುಪಡಿಗಳನ್ನು ತೂರಿಸಿದರು. ಒಂದಕ್ಕೆ ಸ್ವತಃ ಲರ್ಡಾರ್ಫನ ಹೆಸರು, ಇನ್ನೊಂದಕ್ಕೆ ನಿಕಿತಾ ಪೊಪೊವ್ ಎಂಬ ಹೆಸರಾಂತ ತಂತ್ರಜ್ಞನ ಹೆಸರು. ಕಾಗುಣಿತದ ತಿದ್ದುಪಡಿಯೆಂಬ ಸೋಗು, ಒಳಗಿದ್ದುದು ಕಳ್ಳಬಾಗಿಲು. ಅದು ಹಾಗೆಯೇ ಉಳಿದು ಮುಂದಿನ ಆವೃತ್ತಿಯಲ್ಲಿ ಸೇರಿದ್ದರೆ, ಅದನ್ನು ಬಳಸುವ ಅಂಗಡಿ, ಶಾಲೆ, ಕಚೇರಿಗಳ ಪುಟಗಳಿಗೆಲ್ಲ ಪರರು ನುಗ್ಗಬಹುದಾಗಿತ್ತು. ಆದರೆ ಬಂದ ತಿದ್ದುಪಡಿಗಳನ್ನೆಲ್ಲ ಓದುವ ಪದ್ಧತಿ ಅಲ್ಲಿತ್ತು. ಕೆಲವೇ ಗಂಟೆಗಳಲ್ಲಿ ಓದಿದವರಿಗೆ ಅದು ಕಣ್ಣಿಗೆ ಬಿದ್ದಿತು, ಹಿಂದೆಗೆಯಲ್ಪಟ್ಟಿತು, ಯಾವ ಆವೃತ್ತಿಗೂ ಸೇರಲಿಲ್ಲ. ದೊಡ್ಡವರ ಹೆಸರಿದೆಯೆಂದು ಓದದೆ ಬಿಟ್ಟಿದ್ದರೆ ಗತಿಯೇನಾಗುತ್ತಿತ್ತು?

ತೋರಿಸುವುದರಿಂದ ಅಪಾಯ ಬಂದುದಲ್ಲ, ತೋರಿಸಬಾರದ ವಸ್ತುವನ್ನು ತೋರಿಸಬೇಕಾದುದರ ಜೊತೆಯಲ್ಲಿ ಇಟ್ಟುದರಿಂದ ಬಂದಿತು. ಬಾದಾಮಿಯ ಮೂರನೆಯ ಗುಹೆಗೆ ಹೋದವರು ೫೭೮ನೆಯ ಇಸವಿಯ ಮಂಗಲೇಶನ ಶಾಸನವನ್ನು ಕಂಡಿರಬಹುದು. ವಿಷ್ಣುಗೃಹದ ನಿರ್ಮಾಣವನ್ನೂ ಅದಕ್ಕಿತ್ತ ಗ್ರಾಮದಾನವನ್ನೂ ಮುಂದೆ ಬರುವವರೆಲ್ಲ ಓದಲೆಂದು ಕಲ್ಲಿನಲ್ಲಿ ಕೊರೆಸಲಾಗಿದೆ. ಎಲ್ಲರೂ ಓದಬಲ್ಲ ದಾನವನ್ನು ಒಬ್ಬನು ಕದ್ದು ತಿದ್ದುವುದು ಕಷ್ಟ. ಆದರೆ ದಾನವನ್ನು ಕೊರೆಸಿದ ಅರಸರು ಭಂಡಾರದ ಬೀಗದ ಮರ್ಮವನ್ನು ಅದರ ಪಕ್ಕದಲ್ಲಿ ಕೊರೆಸಲಿಲ್ಲ.

ಮಗಳು ಮರುದಿನವೇ ಕೆಲಸಕ್ಕೆ ತೊಡಗಿದಳು. ಒಮ್ಮೆ ಪರರ ಕಣ್ಣಿಗೆ ಬಿದ್ದ ಪಾಸ್‌ವರ್ಡು ಗೆಳತಿಯದೇ ಕಣ್ಣಾದರೂ ಕೆಟ್ಟಿತೆಂದೇ ಲೆಕ್ಕ. ಮೊದಲು ಅದನ್ನು ಬದಲಿಸಿದಳು. ಹೊಸದನ್ನು ಜಾಲಪುಟದ ಕಡತಗಳ ನಡುವೆ ಇರಿಸದೆ, ಹೊರಗಿನ ವಿಳಾಸಕ್ಕೆ ಎಟುಕದ ಬೇರೊಂದು ಸ್ಥಳದಲ್ಲಿ ಇರಿಸಿದಳು. ಕೇಳಿದ ಕಡತವನ್ನೆಲ್ಲ ತೋರಿಸುತ್ತಿದ್ದ ಪುಟ ಇನ್ನು ಮೇಲೆ ಆಕೆ ಪಟ್ಟಿಮಾಡಿಕೊಟ್ಟ ನಾಲ್ಕು ಹೆಸರುಗಳನ್ನು ಬಿಟ್ಟು ಬೇರೆ ಯಾವುದಕ್ಕೂ ಓಗೊಡುವುದಿಲ್ಲ. ದೋಷದ ಸಾಲುಗಳು ಗ್ರಾಹಕರ ಪರದೆಗೆ ಹೋಗದೆ ತನ್ನ ಲೆಕ್ಕದ ಕಡತಕ್ಕೆ ಮಾತ್ರ ಬರುವಂತೆ ಮಾಡಿದಳು. ಏರಿಸುವ ಮುನ್ನ ಪ್ರತಿಯೊಂದು ಕಡತಕ್ಕೂ ಲಿಂಟ್ ಪರೀಕ್ಷೆ. ಆಮೇಲೆ ಗೆಳತಿಯ ಕಣ್ಣು. ಊರಿನ ಹೆಸರುಗಳನ್ನು ಬೈಟುಗಳಲ್ಲಿ ಎಣಿಸುವುದನ್ನು ಬಿಟ್ಟು ಅಕ್ಷರಗಳಲ್ಲಿ ಎಣಿಸಿದಳು.

ಪಂಚಮಿಗೆ ಎಂಟು ದಿನಗಳಿರುವಾಗ ಮೊದಲ ಬೇಡಿಕೆ ಬಂದಿತು. ಚೀಟಿಯ ಮೇಲೆ ಊರಿನ ಹೆಸರು ಮೂರು ಅಕ್ಷರಗಳೂ ಸೇರಿ ‘ಬಾದಾಮಿ’ ಎಂದು ಪೂರ್ಣವಾಗಿ ಮೂಡಿತ್ತು. ತಂದೆ ಸೀರೆಯನ್ನು ಮಡಿಚಿ ಕಾಗದದಲ್ಲಿ ಸುತ್ತಲು ಹೊರಟಾಗ ಅಜ್ಜ ಕೈಚಾಚಿ ತಡೆದ. ಸೀರೆಯನ್ನು ತೊಡೆಯ ಮೇಲೆ ಹಾಸಿಕೊಂಡು, ಸೆರಗನ್ನು ಹೊರಳಿಸಿ, ಕೊಂಡಿ ಕೂಡಿದ ಕಡೆಯಲ್ಲಿ ಉದ್ದಕ್ಕೂ ಬೆರಳಾಡಿಸಿದ. ಎಲ್ಲಿಯೋ ಹತ್ತಿಕೊಂಡಿದ್ದ ನೂಲಿನ ಸಣ್ಣ ಚೂರೊಂದನ್ನು ಉಗುರಿನಿಂದ ತೆಗೆದು ಊದಿ ಹಾರಿಸಿ, “ಈಗ ಕಳಸ್ರಿ” ಎಂದ.